‘ನಾನು ಹುಟ್ಟಿದ್ದೇ ಈ ಬಳಗಕ್ಕೆ’ ಎನ್ನುವ ಮಗಳು

ಪ್ರಶ್ನೆ: ನಾವು ಹಾಸನ ಜಿಲ್ಲೆಯ ಕಡೆಯವರು, ನ್ಯೂಜೆರ್ಸಿಗೆ ಬಂದು ಇಪ್ಪತ್ತು ವರ್ಷ ಮೀರಿತು. ಹದಿನೆಂಟು ವರ್ಷದ ನಮ್ಮ ಮಗಳು ಈ ಆಗಸ್ಟ್‌ನಲ್ಲಿ ದಕ್ಷಿಣದ ರಾಜ್ಯವೊಂದರ ದೊಡ್ಡ ವಿಶ್ವವಿದ್ಯಾಲಯಕ್ಕೆ ಸೇರಿದಳು. ತರಗತಿಗಳು ಆರಂಭವಾಗುವ ಮೊದಲೇ ಸೊರಾರಿಟಿಗಳ, ಅಂದರೆ ವಿದ್ಯಾರ್ಥಿನಿಯರ ಸಂಘಗಳ, ‘ರಶ್’ನಲ್ಲಿ (ಸದಸ್ಯೆಯರನ್ನು ಆರಿಸುವ ಸುತ್ತುಗಳಲ್ಲಿ) ಪಾಲ್ಗೊಂಡು, ತಾನು ಬಯಸಿದ ಹೌಸ್‌ನಿಂದಲೇ (ಸಂಘದಿಂದಲೇ) ‘ಬಿಡ್’, ಅಂದರೆ ಸೇರಲು ಆಹ್ವಾನ, ಪಡೆದಳು. ಇನ್ನು ಮೂರು ವಾರಕ್ಕೆ ಇನಿಷಿಯೇಷನ್, ಅಂದರೆ ಪೂರ್ಣ ಸದಸ್ಯಳಾಗಿ ಸೇರಿಸಿಕೊಳ್ಳುವ ಸಮಾರಂಭ, ಇದೆ. ಕಳೆದ ವಾರ ಫೋನಿನಲ್ಲಿ, ‘ಅಮ್ಮಾ, ಇದು ನಾನು ಆರಿಸಿಕೊಂಡ ಗುಂಪಲ್ಲ, ನಾನು ಹುಟ್ಟಿದ್ದೇ ಇವರ ಪೈಕಿಯವಳಾಗಿ. ಇವರ ಮೌಲ್ಯಗಳು ನನ್ನೊಳಗೆ ಮೊದಲಿನಿಂದಲೂ ಇದ್ದವು, ಈಗ ಗೊತ್ತಾಯಿತು ಅಷ್ಟೇ’ ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ತಿಂಗಳಲ್ಲಿ ಹೀಗೆ ಅನಿಸಲು ಸಾಧ್ಯವೇ? ಇದು ತಲೆ ಕೆಡಿಸುವ ಕೆಲಸವಲ್ಲವೇ? ಸಮಾರಂಭದಲ್ಲಿ ಏನು ನಡೆಯುತ್ತದೆ ಎಂದು ಕೇಳಿದರೆ ಹೇಳುವಂತಿಲ್ಲ ಎನ್ನುತ್ತಾಳೆ. ಆ ಹೌಸ್‌ನಲ್ಲಿ ಭಾರತೀಯ ಮೂಲದವರು ಇಬ್ಬರೋ ಮೂವರೋ ಇದ್ದಾರಂತೆ. ಸೇರಲೇಬೇಕಿದ್ದರೆ ನಮ್ಮವರದೇ ಸೊರಾರಿಟಿಗೆ ಸೇರಬಹುದಿತ್ತಲ್ಲ? ಹಣ ಕೊಡುವುದನ್ನು ನಿಲ್ಲಿಸೋಣ ಎಂದು ನನ್ನ ಪತಿ ಹೇಳುತ್ತಿದ್ದಾರೆ. ಮುಂದಿನ ತಿಂಗಳು ತಾಯಂದಿರಿಗಾಗಿ ಅವರು ನಡೆಸುವ ವಾರಾಂತ್ಯಕ್ಕೆ ನನ್ನನ್ನು ಕರೆದಿದ್ದಾಳೆ. ಹೋಗಬೇಕೇ? ಚಿಕ್ಕಂದಿನಲ್ಲಿ ಕನ್ನಡ ಕೂಟದ ಯುಗಾದಿ ಊಟಕ್ಕೆ ಪಂಕ್ತಿಯಲ್ಲಿ ಬಡಿಸಲು ತಾನೇ ಮುಂದೆ ಬರುತ್ತಿದ್ದ ಹುಡುಗಿ ಇವಳು. ನಾವು ಕೊಟ್ಟ ಸಂಸ್ಕಾರದಲ್ಲಿ ಏನು ಕಡಿಮೆಯಾಗಿತ್ತು ಎಂಬುದೇ ನನಗೆ ಅರ್ಥವಾಗುತ್ತಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಬೇರು ಕೊನೆಯ ವಾಕ್ಯದಲ್ಲಿದೆ ಎಂದು ನನಗೆ ತೋರುತ್ತದೆ. ಮಗಳು ಒಂದು ಸಂಘಕ್ಕೆ ಸೇರಿದಳು ಎಂಬುದಕ್ಕಿಂತ, ಆ ಸಂಘವನ್ನು ಕುರಿತು ‘ಹುಟ್ಟು’ ಎಂಬ ಮಾತನ್ನು ಬಳಸಿದಳು ಎಂಬುದು ನಿಮ್ಮನ್ನು ಹೆಚ್ಚು ನೋಯಿಸಿದೆ. ಹುಟ್ಟಿನ ಮಾತು ಬಂದಾಗ ತಾಯಿಯ ಹಕ್ಕನ್ನು ಬೇರೆ ಯಾರೋ ಕಿತ್ತುಕೊಂಡಂತೆ ಅನಿಸುವುದು ಸಹಜ. ಅಮೆರಿಕದ ವಿಶ್ವವಿದ್ಯಾಲಯಗಳ ಸಮಾಲೋಚನಾ ಕೇಂದ್ರಗಳಲ್ಲಿ ಬಹುಕಾಲ ಕೆಲಸ ಮಾಡಿದ ನಾನು ಈ ಮಾತನ್ನು ಸೊರಾರಿಟಿಯ ಹುಡುಗಿಯರಿಂದ ಮಾತ್ರವಲ್ಲ, ಫ್ರಟರ್ನಿಟಿಯ (ಗಂಡುಹುಡುಗರ ಇಂಥದೇ ಸಂಘದ) ಹುಡುಗರಿಂದಲೂ ಎಷ್ಟೋ ಬಾರಿ ಕೇಳಿದ್ದೇನೆ. ಹಾಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ಮತಿಗೆಟ್ಟವರೂ ಆಗಿರುವುದಿಲ್ಲ. ಅವರಿಗೆ ಆಗುತ್ತಿರುವ ಅನುಭವ ನಿಜ. ಆ ಅನುಭವಕ್ಕೆ ಅವರು ಕೊಡುತ್ತಿರುವ ಕಾರಣವಷ್ಟೇ ಸರಿಯಾದುದಲ್ಲ. ಈ ಎರಡನ್ನು ಬೇರ್ಪಡಿಸದೆ ಮಗಳೊಡನೆ ಮಾತಿಗೆ ಇಳಿದರೆ ಜಗಳವಾಗುತ್ತದೆ.

ಇಂಥ ಸಂಘಗಳ ಪರಿಚಯವಿಲ್ಲದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಮೊದಲ ವಿದ್ಯಾರ್ಥಿ ಸಂಘವಾದ ಫೈ ಬೀಟಾ ಕಪ್ಪಾ 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿತು. ಗುಟ್ಟಿನ ಧ್ಯೇಯವಾಕ್ಯ, ಸದಸ್ಯರು ಒಬ್ಬರನ್ನೊಬ್ಬರು ಗುರುತಿಸುವ ವಿಶೇಷ ಹಸ್ತಲಾಘವ ಮುಂತಾದ ಪದ್ಧತಿಗಳು ಅಲ್ಲಿಂದಲೇ ಬಂದವು. ಸ್ತ್ರೀಯರ ಸಂಘಗಳು ಬಂದದ್ದು ಅನಂತರ. ಜಾರ್ಜಿಯಾದ ವೆಸ್ಲಿಯನ್ ಕಾಲೇಜಿನಲ್ಲಿ 1851 ಮತ್ತು 1852ರಲ್ಲಿ ಆರಂಭವಾದ ಎರಡು ಸಂಘಗಳು ಇಂದಿಗೂ ಬೇರೆ ಹೆಸರಿನಲ್ಲಿ ನಡೆಯುತ್ತಿವೆ. 1870ರಲ್ಲಿ ಇಂಡಿಯಾನಾದ ಗ್ರೀನ್‌ಕ್ಯಾಸಲ್ ಊರಿನ ಕಾಲೇಜಿನಲ್ಲಿ, ಹೆಣ್ಣುಮಕ್ಕಳಿಗೆ ಬಾಗಿಲು ತೆರೆದು ಕೆಲವೇ ವರ್ಷಗಳಾಗಿದ್ದಾಗ, ನಾಲ್ವರು ವಿದ್ಯಾರ್ಥಿನಿಯರು ಕಪ್ಪಾ ಆಲ್ಫಾ ಥೀಟಾ ಕಟ್ಟಿದರು. ಗಂಡಸರಿಂದಲೇ ತುಂಬಿದ ಕಾಲೇಜಿನಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿ ನಿಲ್ಲುವುದು ಅವರ ಅಗತ್ಯವಾಗಿತ್ತು. ಇಂದು ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಒಕ್ಕೂಟದಡಿ ಇಪ್ಪತ್ತಕ್ಕೂ ಹೆಚ್ಚು ಸೊರಾರಿಟಿಗಳಿವೆ. ನಿಮ್ಮ ಮಗಳ ಪ್ರವೇಶದ ಕ್ರಮವನ್ನು ನೋಡಿದರೆ ಆಕೆಯದು ಇವುಗಳಲ್ಲೊಂದು ಎಂದು ಊಹಿಸಿ ಉತ್ತರಿಸುತ್ತಿದ್ದೇನೆ.

ಮೊದಲು ನಿಮ್ಮ ಭಯದ ಮಾತು. ಇದು ತಲೆ ಕೆಡಿಸುವ ಕೆಲಸವೇ? ಅಲ್ಲ ಎಂದೇ ನನ್ನ ಉತ್ತರ. ವ್ಯಕ್ತಿಯ ಮನಸ್ಸನ್ನು ಬಲವಂತದಿಂದ ವಶಪಡಿಸಿಕೊಳ್ಳುವ ಪಂಥಗಳು ಮನೆಯವರೊಡನೆ ಮಾತುಕತೆ ಕಡಿಸುತ್ತವೆ, ಹೊರಗಿನ ಸ್ನೇಹವನ್ನು ಅನುಮಾನಿಸಲು ಕಲಿಸುತ್ತವೆ, ಬಿಟ್ಟು ಹೋಗುವವರನ್ನು ಹೆದರಿಸುತ್ತವೆ. ನಿಮ್ಮ ಮಗಳು ವಾರವಾರ ಫೋನ್ ಮಾಡುತ್ತಿದ್ದಾಳೆ, ತನಗೆ ಅನಿಸಿದ್ದನ್ನು ಬಿಚ್ಚಿ ಹೇಳುತ್ತಿದ್ದಾಳೆ, ನಿಮ್ಮನ್ನು ಅಲ್ಲಿಗೆ ಕರೆಯುತ್ತಿದ್ದಾಳೆ. ಹೆದರಬೇಕಾದ ಸ್ಥಿತಿಯ ಲಕ್ಷಣಗಳು ಇವಲ್ಲ.

ಇನ್ನು ಮಗಳ ಮಾತು. ಒಂದು ಸೊರಾರಿಟಿಗೆ ಹುಟ್ಟಿನಿಂದಲೇ ತಕ್ಕವರಾಗಿರಲು ಸಾಧ್ಯವೇ? ಮಾತುಗಾರಿಕೆ, ಜನರೊಡನೆ ಬೆರೆಯುವ ಒಲವು ಇಂಥ ಕೆಲವು ಸ್ವಭಾವಗಳಲ್ಲಿ ಆನುವಂಶಿಕತೆಯ ಪಾಲಿರುವುದು ಹೌದು. ಜನರೊಡನೆ ಸುಲಭವಾಗಿ ಬೆರೆಯುವ ಹುಡುಗಿಗೆ ನೂರಾರು ಮಂದಿಯ ಹೌಸ್ ಹಿತವೆನಿಸಬಹುದು, ಏಕಾಂತ ಬಯಸುವವಳಿಗೆ ಅದೇ ಹಿಂಸೆಯಾಗಬಹುದು. ಆದರೆ ಅಷ್ಟರಿಂದ ಯಾರೂ ಒಂದು ನಿರ್ದಿಷ್ಟ ಬಳಗಕ್ಕೆ ಹುಟ್ಟಿದವರಾಗುವುದಿಲ್ಲ. ಅದೇ ಸ್ವಭಾವದ ಹುಡುಗಿ ಪಕ್ಕದ ಬೀದಿಯ ಹೌಸ್‌ನಿಂದ ಬಿಡ್ ಬಂದಿದ್ದರೆ ಅಲ್ಲಿಯೂ, ಹೆಚ್ಚುಕಡಿಮೆ ಇದೇ ಅವಧಿಯಲ್ಲಿ, ಇದೇ ಮಾತನ್ನು ಆಡುತ್ತಿದ್ದಳು. ಮೊದಲ ಆಯ್ಕೆ ತಪ್ಪಿ ಬೇರೆ ಹೌಸ್ ಸಿಕ್ಕಿ, ಬಿಡ್ ಕೊಡುವ ದಿನ ಅತ್ತು, ಮರುವರ್ಷದ ರಶ್‌ನಲ್ಲಿ ಆ ಸಿಕ್ಕ ಹೌಸ್‌ನ ಬಾಗಿಲಲ್ಲೇ ನಿಂತು ‘ನನ್ನ ಜಾಗ ಇದೇ’ ಎಂದು ಹೊಸಬರಿಗೆ ಮನಃಪೂರ್ವಕವಾಗಿ ಹೇಳಿದವರನ್ನು ನಾನು ಕಂಡಿದ್ದೇನೆ.

ಈ ಅನಿಸಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಲು ರಶ್ ಹೇಗೆ ನಡೆಯುತ್ತದೆ ಎಂಬುದನ್ನು ನೋಡಬೇಕು. ಹಲವು ಸುತ್ತುಗಳಲ್ಲಿ ಹುಡುಗಿಯರು ಹೌಸ್‌ನಿಂದ ಹೌಸ್‌ಗೆ ಹೋಗುತ್ತಾರೆ. ಪ್ರತಿ ಸುತ್ತಿನ ಕೊನೆಗೆ ಹುಡುಗಿಯರು ತಮಗೆ ಬೇಕಾದ ಹೌಸ್‌ಗಳನ್ನೂ, ಹೌಸ್‌ಗಳು ತಮಗೆ ಬೇಕಾದವರನ್ನೂ ಗುರುತಿಸುತ್ತಾರೆ. ಎರಡೂ ಪಟ್ಟಿಗಳು ಕೂಡಿದಲ್ಲಿ ಮುಂದಿನ ಸುತ್ತು. ಹೀಗೆ ಸೋಸಿ ಸೋಸಿ ಕೊನೆಯ ‘ಪ್ರಿಫರೆನ್ಸ್’ ಸುತ್ತಿಗೆ ಬರುವಷ್ಟರಲ್ಲಿ, ಉಳಿದಿರುವವರು ಪರಸ್ಪರ ಇಷ್ಟಪಟ್ಟವರೇ ಆಗಿರುತ್ತಾರೆ. ಇಷ್ಟೇ ಅಲ್ಲ. ರಶ್‌ಗೆ ಮುಂಚಿನ ದಿನಗಳಲ್ಲಿ ಹೌಸ್‌ನ ಸದಸ್ಯೆಯರು ಮಾತುಕತೆಯ ಅಭ್ಯಾಸ ಮಾಡುತ್ತಾರೆ. ಬರಲಿರುವ ಹುಡುಗಿಯರ ವಿವರಗಳನ್ನು ಓದಿ, ಯಾರೊಡನೆ ಯಾರು ಮಾತಾಡಬೇಕೆಂದು ಮೊದಲೇ ಗೊತ್ತುಮಾಡುತ್ತಾರೆ. ನೃತ್ಯ ಕಲಿತ ಹುಡುಗಿಯ ಎದುರು ನೃತ್ಯ ಕಲಿತವಳೇ ಕುಳಿತಿರುತ್ತಾಳೆ, ವೈದ್ಯಳಾಗಬೇಕೆನ್ನುವವಳ ಎದುರು ಅದೇ ಓದಿನಲ್ಲಿರುವವಳು. ‘ಮೊದಲ ಮಾತಿಗೇ ನಾವು ಎಷ್ಟೋ ವರ್ಷಗಳ ಗೆಳತಿಯರಂತೆ ಬೆರೆತೆವು’ ಎಂದು ಹುಡುಗಿಯರು ಬೆರಗಿನಿಂದ ಹೇಳುವ ಆ ಕ್ಷಣದ ಹಿಂದೆ ಇಷ್ಟು ಸಿದ್ಧತೆ ಇರುತ್ತದೆ. ಇದರಲ್ಲಿ ಮೋಸವಿದೆ ಎನ್ನಲಾರೆ. ಮನೆಗೆ ಬರುವ ನೆಂಟರ ಇಷ್ಟಾನಿಷ್ಟಗಳನ್ನು ಕೇಳಿಕೊಂಡು ಅಡುಗೆ ಮಾಡುವಂಥದೇ ಇದು. ಆದರೆ ಅದನ್ನು ವಿಧಿಯ ಸಂಕೇತವೆಂದು ಭಾವಿಸುವುದು ಸರಿಯಲ್ಲ.

ಮೌಲ್ಯಗಳ ವಿಚಾರಕ್ಕೆ ಬಂದರೆ, ಈ ಒಕ್ಕೂಟದ ಸೊರಾರಿಟಿಗಳು ತಮ್ಮ ಧ್ಯೇಯಗಳನ್ನು ಹೇಳಿಕೊಳ್ಳುವ ರೀತಿಯನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ಸ್ನೇಹ, ವಿದ್ಯೆ, ಸೇವೆ, ಸತ್ಶೀಲ, ನಾಯಕತ್ವ: ಮಾತುಗಳು ಅದಲುಬದಲಾದರೂ ತಿರುಳು ಬಹುಮಟ್ಟಿಗೆ ಒಂದೇ. ಇವನ್ನು ಬೇಡವೆನ್ನುವ ಹದಿನೆಂಟರ ಹುಡುಗಿ ಯಾರಿದ್ದಾಳೆ? 1948ರಲ್ಲಿ ಬರ್ಟ್ರಂ ಫೋರರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಒಂದು ವಾರದ ಬಳಿಕ ಪ್ರತಿಯೊಬ್ಬರಿಗೂ ‘ಇದು ನಿನ್ನ ಸ್ವಭಾವ ಚಿತ್ರ’ ಎಂದು ಒಂದು ಹಾಳೆ ಕೊಟ್ಟು, ಅದು ತಮಗೆ ಎಷ್ಟು ಹೊಂದುತ್ತದೆ ಎಂಬುದಕ್ಕೆ ಐದರಲ್ಲಿ ಅಂಕ ಹಾಕಲು ಹೇಳಿದರು. ಸರಾಸರಿ 4.26 ಬಂತು. ವಾಸ್ತವವಾಗಿ ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ, ಅದರ ಬಹುಭಾಗವನ್ನು ಆಯ್ದುಕೊಂಡದ್ದು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ. ವಿಶಾಲವಾದ, ಒಳ್ಳೆಯದಾದ ಮಾತನ್ನು ‘ಇದು ನಿನ್ನದು’ ಎಂದು ಪ್ರೀತಿಯಿಂದ ಕೊಟ್ಟಾಗ ಮನುಷ್ಯ ಅದರಲ್ಲಿ ತನ್ನ ಮುಖವನ್ನೇ ಕಾಣುತ್ತಾನೆ.

ಹಾಗಾದರೆ ‘ಈ ಮೌಲ್ಯಗಳು ನನ್ನೊಳಗೆ ಮೊದಲಿನಿಂದಲೂ ಇದ್ದವು’ ಎಂದ ನಿಮ್ಮ ಮಗಳ ಮಾತು ಬರಿಯ ಭ್ರಮೆಯೇ? ಇಲ್ಲಿ ನಾನು ನಿಮ್ಮನ್ನು ಸ್ವಲ್ಪ ನಿಂತು ಯೋಚಿಸಲು ಕೇಳುತ್ತೇನೆ. ಅವು ಆಕೆಯೊಳಗೆ ಇದ್ದದ್ದು ನಿಜ. ಬಡಿಸಲು ನಿಂತಾಗ ಪಂಕ್ತಿಯ ಕೊನೆಯವರಿಗೂ ಪಲ್ಯ ಮುಟ್ಟಿತೇ ಎಂದು ನೋಡುವುದು, ಮನೆಗೆ ಬಂದವರನ್ನು ಊಟ ಮಾಡದೆ ಕಳಿಸದಿರುವುದು, ಹಿರಿಯರ ಕಾಯಿಲೆಗೆ ಎಲ್ಲರೂ ಓಡಾಡುವುದು, ಓದನ್ನು ದೇವರಂತೆ ಕಾಣುವುದು ಇವೆಲ್ಲ ಆಕೆಗೆ ಯಾವ ದಿನ ಬಂದವು ಎಂದು ಕೇಳಿದರೆ ಆಕೆ ಹೇಳಲಾರಳು. ಕಲಿತ ನೆನಪು ಉಳಿಯುವ ವಯಸ್ಸಿಗೆ ಮೊದಲೇ ಕಲಿತದ್ದು ಯಾರಿಗೂ ಕಲಿತದ್ದೆಂದು ಅನಿಸುವುದಿಲ್ಲ, ಹುಟ್ಟಿನಿಂದ ಬಂದದ್ದೆಂದೇ ಅನಿಸುತ್ತದೆ. ಸೇವೆ, ಸಹೋದರಿತನ ಎಂದು ಆ ಹೌಸ್ ಹೇಳಿದಾಗ ಆಕೆಗೆ ಗುರುತು ಹತ್ತಿದ್ದು ನಿಮ್ಮ ಮನೆಯಲ್ಲಿ ಕೂಡಿಟ್ಟುಕೊಂಡದ್ದರಿಂದ. ಸಂಸ್ಕಾರದಲ್ಲಿ ಏನು ಕಡಿಮೆಯಾಗಿತ್ತು ಎಂದು ಕೇಳಿದ್ದೀರಿ. ಏನೂ ಕಡಿಮೆಯಾಗಿರಲಿಲ್ಲ; ಅದು ಗಟ್ಟಿಯಾಗಿ ಬೇರೂರಿದ್ದರಿಂದಲೇ ಅದನ್ನು ಆಕೆ ತನ್ನ ಹುಟ್ಟುಗುಣವೆಂದು ತಿಳಿದಿದ್ದಾಳೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಗುಂಪು ನಮ್ಮಲ್ಲಿದ್ದದ್ದನ್ನು ಗುರುತಿಸುವುದಷ್ಟೇ ಅಲ್ಲ, ಇಲ್ಲದ್ದನ್ನು ಬಿತ್ತುತ್ತದೆ ಕೂಡ. ಥಿಯೋಡರ್ ನ್ಯೂಕೂಂಬ್ ಎಂಬ ಸಮಾಜ ಮನಶ್ಶಾಸ್ತ್ರಜ್ಞರು 1935ರಿಂದ 1939ರವರೆಗೆ ವರ್ಮಾಂಟ್‌ನ ಬೆನಿಂಗ್ಟನ್ ಕಾಲೇಜಿನ ವಿದ್ಯಾರ್ಥಿನಿಯರನ್ನು ಅಧ್ಯಯನ ಮಾಡಿದರು. ಶ್ರೀಮಂತ, ಸಂಪ್ರದಾಯಸ್ಥ ಮನೆಗಳಿಂದ ಬಂದ ಹುಡುಗಿಯರು ಉದಾರವಾದಿ ಅಧ್ಯಾಪಕರ ಮತ್ತು ಹಿರಿಯ ವಿದ್ಯಾರ್ಥಿನಿಯರ ನಡುವೆ ಬದುಕುತ್ತಿದ್ದ ಕಾಲೇಜು ಅದು. 1936ರ ಅಧ್ಯಕ್ಷ ಚುನಾವಣೆಯಲ್ಲಿ ಮೊದಲ ವರ್ಷದವರಲ್ಲಿ 62 ಶೇಕಡಾ ಮಂದಿ ರಿಪಬ್ಲಿಕನ್ ಅಭ್ಯರ್ಥಿಯನ್ನು ಬೆಂಬಲಿಸಿದರೆ, ಕೊನೆಯ ಎರಡು ವರ್ಷದವರಲ್ಲಿ ಬೆಂಬಲಿಸಿದವರು ಸುಮಾರು 15 ಶೇಕಡಾ. ದಶಕಗಳ ನಂತರ ಅದೇ ಮಹಿಳೆಯರನ್ನು ಮತ್ತೆ ಹುಡುಕಿ ಕೇಳಿದಾಗಲೂ ಕಾಲೇಜಿನಲ್ಲಿ ಮೂಡಿದ ನಿಲುವು ಬಹುಮಟ್ಟಿಗೆ ಉಳಿದೇ ಇತ್ತು. ಅಂದರೆ, ಮೂರು ನಾಲ್ಕು ವರ್ಷ ಒಂದೇ ಸೂರಿನಡಿ ಉಂಡು, ಓದಿ, ಅತ್ತು, ನಕ್ಕ ಮೇಲೆ ನಿಮ್ಮ ಮಗಳು ಆ ಹೌಸ್‌ಗೆ ನಿಜವಾಗಿಯೂ ಹೊಂದಿಕೊಂಡಿರುತ್ತಾಳೆ. ಅದು ಹುಟ್ಟಿನ ಹೊಂದಿಕೆಯಲ್ಲ, ಬಾಳಿನ ಹೊಂದಿಕೆ. ಆದ್ದರಿಂದ ಹೌಸ್ ಬರೆದಿಟ್ಟುಕೊಂಡ ಮೌಲ್ಯಗಳಿಗಿಂತ ಅಲ್ಲಿನ ಹಿರಿಯ ಹುಡುಗಿಯರು ಶನಿವಾರ ರಾತ್ರಿ ಹೇಗಿರುತ್ತಾರೆ, ಪರೀಕ್ಷೆಯಲ್ಲಿ ಸೋತವಳನ್ನು ಹೇಗೆ ನಡೆಸಿಕೊಳ್ಳುತ್ತಾರೆ, ಕುಡಿಯದವಳಿಗೆ ಏನೆನ್ನುತ್ತಾರೆ ಎಂಬುದು ಮುಖ್ಯ. ಆಕೆ ಆಗಲಿರುವುದು ಅವರಂತೆ.

ಪಟ್ಟ ಕಷ್ಟವೂ ಒಲವನ್ನು ಹೆಚ್ಚಿಸುತ್ತದೆ ಎಂಬ ಮಾತೊಂದಿದೆ. 1959ರಲ್ಲಿ ಎಲಿಯಟ್ ಆರನ್‌ಸನ್ ಮತ್ತು ಜಡ್ಸನ್ ಮಿಲ್ಸ್ ನಡೆಸಿದ ಪ್ರಯೋಗದಲ್ಲಿ, ಒಂದು ಚರ್ಚಾಗುಂಪಿಗೆ ಸೇರಲು ಹೆಚ್ಚು ಮುಜುಗರದ ಪರೀಕ್ಷೆ ಎದುರಿಸಿದ ಯುವತಿಯರು, ಗುಂಪಿನ ಚರ್ಚೆ ತೀರ ನೀರಸವಾಗಿದ್ದರೂ, ಅದನ್ನೇ ಹೆಚ್ಚು ಮೆಚ್ಚಿಕೊಂಡರು. ಇದನ್ನೇ ಹಿಡಿದು ‘ಕಾಡಿಸಿದಷ್ಟೂ ಬಾಂಧವ್ಯ ಬಲಿಯುತ್ತದೆ’ ಎಂದು ಹೊಸಬರಿಗೆ ಕೊಡುವ ಕಿರುಕುಳವನ್ನು ಸಮರ್ಥಿಸುವವರಿದ್ದಾರೆ. ಪ್ರಯೋಗಶಾಲೆಯ ಆ ಫಲಿತಾಂಶ ಹೊರಗೆ ಹಾಗೆಯೇ ನಿಲ್ಲುವುದಿಲ್ಲ. ಅಮೆರಿಕದ ಒಂದು ಫ್ರಟರ್ನಿಟಿಯ ಹೊಸ ಸದಸ್ಯರನ್ನು ಅನುಸರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಿರುಕುಳದಿಂದ ಒಗ್ಗಟ್ಟು ಹೆಚ್ಚುವುದಕ್ಕೆ ಗಟ್ಟಿಯಾದ ಆಧಾರ ಸಿಗಲಿಲ್ಲ.

ಈಗ, ನನ್ನ ವೃತ್ತಿಯ ಅನುಭವದಲ್ಲಿ ಎಲ್ಲಕ್ಕಿಂತ ಗಂಭೀರವೆನಿಸಿದ ಅಂಶ. ‘ನಾನು ಹುಟ್ಟಿದ್ದೇ ಇದಕ್ಕೆ’ ಎಂಬ ನಂಬಿಕೆ ಸುಖದ ದಿನಗಳಲ್ಲಿ ಏನೂ ಹಾನಿ ಮಾಡುವುದಿಲ್ಲ. ಹಾನಿ ಬರುವುದು ಮೊದಲ ನಿರಾಸೆಯೊಡನೆ. ರೇಮಂಡ್ ನೀ ಎಂಬ ಸಂಶೋಧಕರು 1998ರಲ್ಲಿ ವಿದ್ಯಾರ್ಥಿಗಳ ಪ್ರೇಮ ಸಂಬಂಧಗಳನ್ನು ಪರಿಶೀಲಿಸಿದಾಗ, ‘ಇಬ್ಬರು ಒಬ್ಬರಿಗೊಬ್ಬರು ಹೊಂದುತ್ತಾರೋ ಇಲ್ಲವೋ ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ’ ಎಂದು ಬಲವಾಗಿ ನಂಬಿದವರ ಸಂಬಂಧದ ಆಯುಸ್ಸು ಆರಂಭದ ತೃಪ್ತಿಗೆ ಹೆಚ್ಚು ಕಟ್ಟುಬಿದ್ದಿತ್ತು: ಆರಂಭ ಸಿಹಿಯಾಗಿದ್ದರೆ ಬಾಳುತ್ತಿತ್ತು, ಕಹಿಯಾಗಿದ್ದರೆ ಬೇಗ ಮುರಿಯುತ್ತಿತ್ತು. ಬಳಗಗಳಲ್ಲಿಯೂ ನಾನು ಕಂಡದ್ದು ಇದೇ. ಹೊಂದಾಣಿಕೆಯನ್ನು ನಾವೇ ಬೆಳೆಸಿಕೊಳ್ಳಬೇಕು ಎಂದು ತಿಳಿದ ಹುಡುಗಿ, ಹೌಸ್‌ನಲ್ಲಿ ಗುಂಪುಗಾರಿಕೆ ಎದುರಾದಾಗ ಬೇಸರಪಟ್ಟು, ಮಾತಾಡಿ, ಬೇಕಾದರೆ ದೂರವಿದ್ದು, ದಾರಿ ಹುಡುಕುತ್ತಾಳೆ. ಹುಟ್ಟಿನಿಂದಲೇ ಇಲ್ಲಿಯವಳೆಂದು ತಿಳಿದವಳಿಗಾದರೋ ಎರಡೇ ತೀರ್ಮಾನ ಉಳಿಯುತ್ತವೆ: ಒಂದೋ ತನ್ನಲ್ಲೇ ಏನೋ ಕೆಟ್ಟಿದೆ, ಇಲ್ಲವೇ ತನ್ನನ್ನು ಮೊದಲ ದಿನದಿಂದ ವಂಚಿಸಿದ್ದಾರೆ. ಎರಡನೆಯ ವರ್ಷದ ಚಳಿಗಾಲದಲ್ಲಿ, ಹೊಸತನ ತೀರಿ, ಬಿಗ್ ಸಿಸ್ಟರ್ (ಹೊಸಬಳಿಗೆ ಮಾರ್ಗದರ್ಶಿಯಾಗುವ ಹಿರಿಯ ಸದಸ್ಯೆ) ಪದವಿ ಮುಗಿಸಿ ಹೋದ ಮೇಲೆ ಸಮಾಲೋಚನೆಗೆ ಬರುತ್ತಿದ್ದ ಹುಡುಗಿಯರಲ್ಲಿ ಹೆಚ್ಚಿನವರು ಮೊದಲ ತೀರ್ಮಾನಕ್ಕೆ ಬಂದವರಾಗಿದ್ದರು. ಹೌಸ್‌ನಲ್ಲಿ ತಮಗೆ ಇಷ್ಟವಾಗದ್ದು ನಡೆದಾಗ ‘ಬೇಡ’ ಎನ್ನಲು ಅವರಿಗೆ ಆಗಿರಲಿಲ್ಲ, ಏಕೆಂದರೆ ಹಾಗೆ ಹೇಳಿದರೆ ತಾವು ತಾವಲ್ಲ ಎಂದಂತಾಗುತ್ತಿತ್ತು.

ಈ ನಂಬಿಕೆಗೆ ಇನ್ನೊಂದು ಮುಖವೂ ಇದೆ. ಕೆಲವರು ಹುಟ್ಟಿನಿಂದಲೇ ತಕ್ಕವರು ಎಂದರೆ ಉಳಿದವರು ಹುಟ್ಟಿನಿಂದಲೇ ತಕ್ಕವರಲ್ಲ ಎಂದಾಗುತ್ತದೆ. ಆ ಮಾತು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ನಮ್ಮ ನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ, ಓದಿನಲ್ಲೂ ಸೇವೆಯಲ್ಲೂ ಮುಂದಿದ್ದ ಕಪ್ಪು ವಿದ್ಯಾರ್ಥಿನಿಯೊಬ್ಬರನ್ನು ಬಿಳಿಯರ ಸೊರಾರಿಟಿಗಳು ಹೇಗೆ ಕೈಬಿಟ್ಟವು, ಹಳೆಯ ಸದಸ್ಯೆಯರು ಹೇಗೆ ಅಡ್ಡಬಂದರು ಎಂಬುದನ್ನು ಹೌಸ್‌ಗಳ ಒಳಗಿನ ಹುಡುಗಿಯರ ಮಾತಿನಿಂದಲೇ ಬಯಲಿಗೆ ತಂದಿತು. ವಿಶ್ವವಿದ್ಯಾಲಯ ಮಧ್ಯೆ ಬಂದು ಬಿಡ್ ಕೊಡುವ ಪ್ರಕ್ರಿಯೆಯನ್ನು ಮತ್ತೆ ತೆರೆಯಬೇಕಾಯಿತು. ಅಂದು ಸತ್ಯ ಹೇಳಿದ ಆ ಸದಸ್ಯೆಯರು ತಮ್ಮ ಹೌಸ್‌ನ ಘೋಷಿತ ಮೌಲ್ಯಗಳನ್ನು ನಂಬಿದ್ದರಿಂದಲೇ ಹೌಸ್‌ನ ನಡತೆಯನ್ನು ಪ್ರಶ್ನಿಸಿದರು ಎಂದು ನಾನು ತಿಳಿಯುತ್ತೇನೆ.

ಇದರಿಂದ ನಿಮ್ಮ ‘ನಮ್ಮವರದೇ ಸೊರಾರಿಟಿ’ಯ ಪ್ರಶ್ನೆಗೆ ಬರುತ್ತೇನೆ. ಬಿಳಿಯರ ಸಂಘಗಳು ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕಪ್ಪು ವಿದ್ಯಾರ್ಥಿನಿಯರು ತಮ್ಮದೇ ಸಂಘಗಳನ್ನು ಕಟ್ಟಿದರು. ವಾಷಿಂಗ್ಟನ್‌ನ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಹುಟ್ಟಿದ ಆಲ್ಫಾ ಕಪ್ಪಾ ಆಲ್ಫಾ, 1913ರ ಡೆಲ್ಟಾ ಸಿಗ್ಮಾ ಥೀಟಾ ಇಂಥವು. ಕಮಲಾ ಹ್ಯಾರಿಸ್ ಮೊದಲನೆಯದರ ಸದಸ್ಯೆ. ದಕ್ಷಿಣ ಏಷ್ಯಾ ಮೂಲದವರ ಸೊರಾರಿಟಿಗಳು ತೀರ ಈಚಿನವು: ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೇಗಾ, ನ್ಯೂಯಾರ್ಕ್‌ನಲ್ಲಿ ಸಿಗ್ಮಾ ಸಿಗ್ಮಾ ರೋ, ಮೂರೂ 1998ರಲ್ಲೇ ಆರಂಭವಾದವು. ಇವು ಸಾಮಾನ್ಯವಾಗಿ ಚಿಕ್ಕ ಬಳಗಗಳು, ಖರ್ಚೂ ಕಡಿಮೆ, ದೀಪಾವಳಿ ಎಂದರೇನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಆದರೆ ಅಲ್ಲಿಯೂ ಮಗಳು ಹುಟ್ಟಿನಿಂದ ತಕ್ಕವಳೆಂದು ನೀವು ಭಾವಿಸಿದರೆ ಆಕೆಯ ತಪ್ಪನ್ನೇ ನೀವೂ ಮಾಡಿದಂತಾಗುತ್ತದೆ. ಹಿಂದಿ ಹಾಡು ಗೊತ್ತಿಲ್ಲದ ಕನ್ನಡದ ಹುಡುಗಿಯರಿಗೆ ಅಂಥ ಕಡೆ ಪರಕೀಯವೆನಿಸಿದ್ದೂ ಉಂಟು, ಮೊದಲ ಬಾರಿಗೆ ನಿರಾಳವಾಗಿ ಉಸಿರಾಡಿದ್ದೂ ಉಂಟು. ಈಗಿನ ಹೌಸ್‌ನಲ್ಲಿ ಇಬ್ಬರು ಮೂವರಲ್ಲಿ ಒಬ್ಬಳಾಗಿರುವುದರಿಂದ ಆಕೆಗೆ ಏನನಿಸುತ್ತದೆ ಎಂಬುದನ್ನು ನೀವು ಊಹಿಸದೆ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಕರೆಯುವ ಹೆಸರನ್ನು ಸರಿಯಾಗಿ ಉಚ್ಚರಿಸುತ್ತಾರೆಯೇ ಎಂಬ ಸಣ್ಣ ಪ್ರಶ್ನೆಯಿಂದ ಬಹಳ ವಿಷಯ ತಿಳಿಯುತ್ತದೆ.

ಮುಂದೇನು ಮಾಡಬಹುದು? ಹಣ ನಿಲ್ಲಿಸುವುದು ನಿಮ್ಮ ಪತಿಯ ಸಲಹೆ. ಡ್ಯೂಸ್ (ಸದಸ್ಯತ್ವದ ಶುಲ್ಕ) ವರ್ಷಕ್ಕೆ ಸಾವಿರಾರು ಡಾಲರ್ ಆಗಬಹುದಾದ್ದರಿಂದ, ನಿಜವಾಗಿಯೂ ಕೈಗೆಟುಕದಿದ್ದರೆ ಹಾಗೆಂದು ನೇರವಾಗಿ ಹೇಳುವುದರಲ್ಲಿ ತಪ್ಪಿಲ್ಲ. ಹಣವಿದ್ದೂ ಮನಸ್ಸು ಬದಲಿಸಲೆಂದು ನಿಲ್ಲಿಸಿದರೆ, ಆಕೆಯ ನಂಬಿಕೆ ಬಲಿಯುತ್ತದೆ. ಹೌಸ್ ತನ್ನ ಮನೆ, ಮನೆಯವರು ಅದರ ಶತ್ರುಗಳು ಎಂಬ ಕಥೆ ತಾನೇ ಹೆಣೆದುಕೊಳ್ಳುತ್ತದೆ. ಈ ದಾರಿಯನ್ನು ನಾನು ಸೂಚಿಸುವುದಿಲ್ಲ. ಬದಲಿಗೆ, ಆರ್ಥಿಕ ಒಪ್ಪಂದದ ಪ್ರತಿಯನ್ನು ಕೇಳಿ ಓದಿ. ಮಾಸಿಕ ಶುಲ್ಕದ ಜೊತೆಗೆ ಊಟ, ಹೌಸ್ ನಿರ್ವಹಣೆ, ಸಭೆಗೆ ಬಾರದಿದ್ದರೆ ದಂಡ, ಎರಡನೆಯ ವರ್ಷ ಹೌಸ್‌ನಲ್ಲೇ ವಾಸಿಸಬೇಕೆಂಬ ಕಟ್ಟುಪಾಡು ಇವೆಯೇ ಎಂದು ನೋಡಿ.

ಇನಿಷಿಯೇಷನ್ ಆಗುವ ಮೊದಲು ಬಿಡುವುದು ಮತ್ತು ಆದ ಮೇಲೆ ಬಿಡುವುದು ಇವುಗಳ ನಡುವೆ ಇರುವ ವ್ಯತ್ಯಾಸ ಮಗಳಿಗೆ ಸ್ಪಷ್ಟವಾಗಿ ತಿಳಿದಿರಬೇಕು. ಬಿಡ್ ಒಪ್ಪಿಕೊಂಡು ಈಗ ಬಿಟ್ಟರೆ, ಆ ಕ್ಯಾಂಪಸ್‌ನಲ್ಲಿ ಮುಂದಿನ ಮುಖ್ಯ ರಶ್ ಬರುವವರೆಗೆ ಆ ಒಕ್ಕೂಟದ ಬೇರೊಂದಕ್ಕೆ ಸೇರುವಂತಿಲ್ಲ. ಆಮೇಲೆ ಮತ್ತೆ ಪ್ರಯತ್ನಿಸಬಹುದು. ಒಮ್ಮೆ ಇನಿಷಿಯೇಷನ್ ಆಯಿತೆಂದರೆ, ರಾಜೀನಾಮೆ ಕೊಟ್ಟು ಹೊರಬಂದರೂ, ಜೀವಮಾನದಲ್ಲಿ ಆ ಒಕ್ಕೂಟದ ಮತ್ತೊಂದು ಸೊರಾರಿಟಿಗೆ ಸೇರಲಾಗದು. ದಕ್ಷಿಣ ಏಷ್ಯಾದವರ ಸೊರಾರಿಟಿಗಳು ಈ ಒಕ್ಕೂಟದ ಹೊರಗಿವೆ. ಅವು ಆಗ ಒಪ್ಪುತ್ತವೆಯೇ ಎಂಬುದನ್ನು ಆಯಾ ಸಂಘವನ್ನೇ ಕೇಳಬೇಕು. ಸಂದೇಹವಿದ್ದರೆ ಇನಿಷಿಯೇಷನ್ ಮುಂದೂಡಬಹುದೇ ಎಂದು ಚಾಪ್ಟರ್‌ನ (ಆ ಕ್ಯಾಂಪಸ್‌ನಲ್ಲಿರುವ ಶಾಖೆಯ) ಹಿರಿಯ ಸಲಹೆಗಾರ್ತಿಯನ್ನು ವಿಚಾರಿಸುವುದೂ ಒಂದು ದಾರಿ. ಕೆಲವು ಕಡೆ ಅವಕಾಶ ಕೊಡುತ್ತಾರೆ, ಆದರೆ ಜೊತೆಯವರೆಲ್ಲ ಮುಂದೆ ಹೋಗಿ ಒಬ್ಬಳೇ ಹಿಂದುಳಿಯುವ ಸಂಕಟಕ್ಕೆ ಆಕೆ ಸಿದ್ಧಳಿರಬೇಕು. ಪತ್ರದಲ್ಲಿ ನೀವು ಬರೆದಿರುವುದನ್ನಷ್ಟೇ ನೋಡಿ ಹೇಳುವುದಾದರೆ, ಆಕೆಯನ್ನು ತಡೆಯಲು ನನಗೆ ಕಾರಣ ಕಾಣುವುದಿಲ್ಲ.

ಸಮಾರಂಭದ ಗುಟ್ಟಿನ ಬಗ್ಗೆ. ಗುಟ್ಟಿನ ವಿಧಿ ಈ ಸಂಘಗಳ ಹಳೆಯ ಪದ್ಧತಿ, ಸೊರಾರಿಟಿಗಳಲ್ಲಿ ಅದು ಹೆಚ್ಚಾಗಿ ಬಿಳಿ ಉಡುಪು, ಮೇಣದ ಬತ್ತಿ, ಪ್ರತಿಜ್ಞೆ, ಸಂಕೇತಗಳ ವಿವರಣೆ ಇಷ್ಟರಲ್ಲಿ ಮುಗಿಯುವ ಗಂಭೀರ ಸಮಾರಂಭ. ಅದನ್ನು ಹೇಳಲೇಬೇಕೆಂದು ಒತ್ತಾಯಿಸಬೇಡಿ. ಆದರೆ ವಿಧಿಯ ಗುಟ್ಟು ಬೇರೆ, ಕಿರುಕುಳದ ಗುಟ್ಟು ಬೇರೆ. ಕುಡಿಯಲು ಒತ್ತಾಯ, ನಿದ್ದೆಗೆಡಿಸುವುದು, ದೇಹವನ್ನು ಹೀಯಾಳಿಸುವುದು, ಬಿಗ್ ಸಿಸ್ಟರ್‌ಗಳ ಮನೆಗೆಲಸ ಮಾಡಿಸುವುದು ಇವನ್ನು ಯಾವ ಪ್ರತಿಜ್ಞೆಯೂ ಮುಚ್ಚಿಡುವಂತಿಲ್ಲ ಎಂದು ಮಗಳಿಗೆ ಸ್ಪಷ್ಟವಾಗಿ ಹೇಳಿ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫ್ರಟರ್ನಿಟಿಯೊಂದರಲ್ಲಿ 2017ರ ಫೆಬ್ರುವರಿಯಲ್ಲಿ ಟಿಮೊತಿ ಪಿಯಾಜಾ ಎಂಬ ಎರಡನೆಯ ವರ್ಷದ ವಿದ್ಯಾರ್ಥಿ, ಸೇರ್ಪಡೆಯ ರಾತ್ರಿ ವಿಪರೀತ ಕುಡಿಸಿದ ಮೇಲೆ ಮೆಟ್ಟಿಲಿಂದ ಬಿದ್ದು, ಗಂಟೆಗಟ್ಟಲೆ ಯಾರೂ ವೈದ್ಯಕೀಯ ನೆರವಿಗೆ ಕರೆ ಮಾಡದೆ, ಪ್ರಾಣ ಕಳೆದುಕೊಂಡ. ಆ ಹುಡುಗರು ಕ್ರೂರಿಗಳಾಗಿದ್ದರು ಎಂಬುದಕ್ಕಿಂತ, ಬಳಗಕ್ಕೆ ಕೆಟ್ಟ ಹೆಸರು ಬಾರದಿರಲಿ ಎಂಬ ಯೋಚನೆ ಅವರ ಬುದ್ಧಿಯನ್ನು ಕವಿದಿತ್ತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಪೆನ್ಸಿಲ್ವೇನಿಯಾ 2018ರಲ್ಲಿ ಆತನ ಹೆಸರಿನಲ್ಲೇ ಕಾನೂನು ತಂದಿತು. 2024ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಅಮೆರಿಕದ ಕೇಂದ್ರ ಸರ್ಕಾರದ ಕಾನೂನಿನಂತೆ, ಕಿರುಕುಳದ ನಿಯಮ ಮೀರಿದ ಸಂಘಗಳ ವಿವರವನ್ನು ವಿಶ್ವವಿದ್ಯಾಲಯಗಳು ಪ್ರಕಟಿಸಬೇಕು. ಮಗಳ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಆ ವರದಿಯನ್ನು ಹುಡುಕಿ, ಆ ಹೌಸ್‌ನ ಹೆಸರಿದೆಯೇ ನೋಡಿ. ಮೂರು ವಾರದೊಳಗೆ ಮಾಡಬೇಕಾದ ಕೆಲಸಗಳಲ್ಲಿ ಇದು ಮೊದಲನೆಯದು.

ಮಗಳೊಡನೆ ಮಾತಾಡುವಾಗ ‘ನೀನು ಹುಟ್ಟಿದ್ದು ನಮ್ಮ ಮನೆಗೆ’ ಎಂದು ವಾದ ಹೂಡಬೇಡಿ. ಆ ವಾದದಲ್ಲಿ ನೀವು ಗೆದ್ದರೂ ಮಾತು ಅಲ್ಲಿಗೆ ನಿಲ್ಲುತ್ತದೆ. ‘ಅವರ ಯಾವ ಗುಣ ನಿನಗೆ ನಿನ್ನದೇ ಅನಿಸಿತು? ಅದನ್ನು ಮೊದಲು ಎಲ್ಲಿ ಕಂಡಿದ್ದೆ?’ ಎಂದು ಕೇಳಿ, ಆಕೆ ಹೇಳುವುದನ್ನು ಪೂರ್ತಿ ಕೇಳಿ. ಆಮೇಲೆ, ‘ಅವರಲ್ಲಿ ನಿನಗೆ ಒಪ್ಪದ ವಿಷಯ ಯಾವುದು?’ ಎಂದು ಕೇಳಿ. ಏನಾದರೂ ಒಂದನ್ನು ಹಿಂಜರಿಯದೆ ಹೇಳಿದಳೆಂದರೆ ನಾನಾಗಿದ್ದರೆ ನಿಶ್ಚಿಂತಳಾಗುತ್ತಿದ್ದೆ: ಬಳಗವನ್ನು ಪ್ರೀತಿಸುತ್ತಲೇ ಅದರ ಕುಂದನ್ನು ಕಾಣಬಲ್ಲ ಕಣ್ಣು ಆಕೆಗಿದೆ. ಏನೂ ಇಲ್ಲ, ಎಲ್ಲವೂ ಪರಿಪೂರ್ಣ ಎಂದರೆ ಗಾಬರಿ ಬೇಡ, ಮೂರನೆಯ ತಿಂಗಳಿನ್ನೂ ಆಗಿಲ್ಲ. ಆದರೆ ಆ ಪ್ರಶ್ನೆಯನ್ನು ಜನವರಿಯಲ್ಲಿ ಮತ್ತೊಮ್ಮೆ, ವಸಂತದಲ್ಲಿ ಇನ್ನೊಮ್ಮೆ ಕೇಳಿ. ಓದು, ನಿದ್ದೆ, ಹೊರಗಿನ ಗೆಳತಿಯರು ಈ ಮೂರರಲ್ಲಿ ಎರಡು ಕುಸಿದರೆ ವಿಶ್ವವಿದ್ಯಾಲಯದ ಸಮಾಲೋಚನಾ ಕೇಂದ್ರಕ್ಕೆ ಹೋಗಲು ಹೇಳಿ. ಅಲ್ಲಿ ಆಡಿದ ಮಾತು ಸಾಮಾನ್ಯವಾಗಿ ಹೌಸ್‌ಗೂ ತಲುಪುವುದಿಲ್ಲ, ನಿಮಗೂ ತಲುಪುವುದಿಲ್ಲ.

ಕೊನೆಯದಾಗಿ, ತಾಯಂದಿರ ವಾರಾಂತ್ಯಕ್ಕೆ ಖಂಡಿತ ಹೋಗಿ. ಮಗಳಿಗೆ ನಿಮ್ಮನ್ನು ಅವರಿಗೆ ತೋರಿಸಬೇಕಾಗಿದೆ, ಅವರನ್ನು ನಿಮಗೆ ತೋರಿಸಬೇಕಾಗಿದೆ. ಆಕೆಯ ಬಿಗ್ ಸಿಸ್ಟರ್ ಜೊತೆ ಮಾತಾಡಿ, ಹೌಸ್‌ನಲ್ಲಿ ವಾಸಿಸುವ ಹಿರಿಯ ಮಹಿಳಾ ಮೇಲ್ವಿಚಾರಕರಿದ್ದರೆ ಅವರ ಫೋನ್ ಸಂಖ್ಯೆ ತೆಗೆದುಕೊಳ್ಳಿ. ಮೂರು ನಾಲ್ಕನೆಯ ವರ್ಷದ ಹುಡುಗಿಯರು ಎಷ್ಟು ಮಂದಿ ಬಂದಿದ್ದಾರೆ ಎಂಬುದನ್ನು ಗಮನಿಸಿ, ಏಕೆಂದರೆ ಹಿರಿಯರು ಮೆಲ್ಲನೆ ದೂರ ಸರಿಯುವ ಹೌಸ್‌ಗೂ ಕೊನೆಯ ವರ್ಷದವರೆಗೂ ಬಂದು ಕೂರುವ ಹೌಸ್‌ಗೂ ಬಹಳ ವ್ಯತ್ಯಾಸವಿದೆ. ನಿಮ್ಮ ಪತಿಗೂ ಅದನ್ನು ಕಾಣುವ ಆಸೆಯಿದ್ದರೆ, ತಂದೆಯರಿಗಾಗಿ ಅಥವಾ ಇಡೀ ಕುಟುಂಬಕ್ಕಾಗಿ ಬೇರೆ ವಾರಾಂತ್ಯಗಳನ್ನು ಹಲವು ಚಾಪ್ಟರ್‌ಗಳು ನಡೆಸುತ್ತವೆ. ದಿನಾಂಕವನ್ನು ಮಗಳನ್ನೇ ಕೇಳಿ ತಿಳಿದುಕೊಳ್ಳಲಿ.